ಈಸ್ಟರ್ನ್ ಆಯ್ತು, ಮುಂದೆ ಯಾವ ಟರ್ಕಿ?

ಪ್ರಶ್ನೆ, ಸೇಂಟ್ ಲೂಯಿಸ್ ಕಡೆಯಿಂದ:
ನಾನು ಕೊಪ್ಪದವನು. ಇಲ್ಲಿ ಅಮೆರಿಕದ ಮಿಸ್ಸೌರಿಯಲ್ಲಿ ಮೂರು ವಸಂತ ಕಾಡುಟರ್ಕಿ (ಕಾಡಿನ ಟರ್ಕಿ ಕೋಳಿ) ಬೇಟೆಗೆ ಹೋಗಿದ್ದೇನೆ. ಎಲ್ಲ ಈಸ್ಟರ್ನ್ ಜಾತಿಯವೇ. ಸಿಕ್ಕಿದ್ದು ಒಂದೇ ಹುಂಜ. ಉಳಿದವು ಮರದ ಮೇಲೆ ಚೆನ್ನಾಗಿ ಕೂಗಿದವು. ಇಳಿದ ಮೇಲೆ ಹೇಂಟೆಗಳ ಹಿಂದೆ ಹೊರಟೇ ಹೋದವು. ಇನ್ನು ಮೂರು ಜಾತಿ, ರಿಯೋ ಗ್ರಾಂಡೆ, ಮೆರಿಯಮ್ಸ್, ಓಸಿಯೋಲಾ ಕೂಡ ಆದರೆ 'ಗ್ರಾಂಡ್ ಸ್ಲಾಮ್' ಅಂತಾರಲ್ಲ, ಆ ಆಸೆ ಹತ್ತಿದೆ. ಯಾವುದರಿಂದ ಶುರು ಮಾಡಲಿ?

ಟೆಕ್ಸಾಸ್‌ನಿಂದ:
ರಿಯೋದಿಂದ ಶುರು ಮಾಡಿ. ನಮ್ಮ ಕಡೆ ಬಯಲು ಜಾಸ್ತಿ, ದೊಡ್ಡ ಮರ ಇರೋದು ಹಳ್ಳದ ಪಕ್ಕದಲ್ಲಿ ಮಾತ್ರ. ಹಾಗಾಗಿ ಹಿಂಡು ರಾತ್ರಿ ಮಲಗೋಕೆ ಅದೇ ಮರಗಳಿಗೆ ಮತ್ತೆ ಮತ್ತೆ ಬರುತ್ತದೆ. ಹಿಂದಿನ ದಿನ ಸಂಜೆ ದುರ್ಬೀನು ಹಿಡಿದು ದೂರದಲ್ಲಿ ಕೂತು ನೋಡಿ. ಯಾವ ಮರ, ಬೆಳಗ್ಗೆ ಯಾವ ದಾರಿ, ಅಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಆ ಮರದ ಬುಡಕ್ಕೆ ಮಾತ್ರ ಹೋಗಬೇಡಿ. ಒಮ್ಮೆ ಬೆದರಿದ ಹಿಂಡು ಜಾಗವನ್ನೇ ಬಿಡಬಹುದು. ಅವು ನಡೆಯುವ ದಾರಿಯಲ್ಲಿ ಮುಂದೆ ಹೋಗಿ ಕೂರಿ. ಹೇಂಟೆಯ ದನಿ ಹೊರಡಿಸಿ ಹುಂಜವನ್ನು ಕರೆಯುವ ಸಾಧನಕ್ಕೆ 'ಕಾಲ್' ಅಂತಾರೆ. ಗಾಳಿ ಜೋರಿದ್ದರೆ ಬಾಯೊಳಗಿಟ್ಟು ಊದುವ ಕಾಲ್ ಕೇಳಿಸಲ್ಲ, ಬಾಕ್ಸ್ ಕಾಲ್ ತನ್ನಿ.

ಹೇಂಟೆಗಳ ಹಿಂದೆ ಹೋಗುವ ಹುಂಜದ ವಿಷಯ. ಇದು ಎಲ್ಲ ಜಾತಿಗೂ ಒಂದೇ. ಬೆಳಗಾಗುತ್ತಲೇ ಹುಂಜಕ್ಕೆ ಜೊತೆ ಇರುತ್ತದೆ, ನಿಮ್ಮ ಕಾಲ್ ಯಾಕೆ ಬೇಕು? ಹತ್ತು ಗಂಟೆ ಹೊತ್ತಿಗೆ ಹೇಂಟೆಗಳು ಒಂದೊಂದಾಗಿ ಮೊಟ್ಟೆ ಇಡೋಕೆ ಹೊರಡುತ್ತವೆ. ಹುಂಜ ಒಂಟಿಯಾಗುತ್ತದೆ. ಏಳು ಗಂಟೆಗೆ ಕಿವಿಗೇ ಹಾಕಿಕೊಳ್ಳದ ಹಕ್ಕಿ ಹತ್ತೂವರೆಗೆ ಓಡಿಬಂದಿದ್ದು ನೋಡಿದ್ದೇನೆ. ನೀವು ಎಂಟಕ್ಕೇ ಕಾಫಿಗೆ ವಾಪಸ್ ಹೋಗ್ತಿದ್ದೀರಿ ಅನ್ಸುತ್ತೆ, ಅಲ್ವಾ?

ಇನ್ನೊಂದು ಮಾತು. ಕೂರುವ ಮೊದಲು ಟಾರ್ಚ್ ಹಾಕಿ ನೆಲ ನೋಡಿ. ನಾನು ಮೊದಲ ವರ್ಷ ಕತ್ತಲಲ್ಲಿ ಪಾಪಸುಕಳ್ಳಿಯ ಮೇಲೆ ಕೂತೆ. ಮೂರು ದಿನ ಆಫೀಸಿನಲ್ಲಿ ನಿಂತೇ ಕೆಲಸ ಮಾಡಿದೆ. ಬುಡುಬುಡಿಕೆ ಹಾವೂ ಇರುತ್ತದೆ, ಮರೀಬೇಡಿ.

ಕೊಲರಾಡೋದಿಂದ:
ಟೆಕ್ಸಾಸ್‌ನವರು ಒಂದು ವಿಷಯ ಹೇಳಲಿಲ್ಲ. ಅಲ್ಲಿ ಬಹುಪಾಲು ಜಮೀನು ಖಾಸಗಿ. ಪರಿಚಯ ಇಲ್ಲದಿದ್ದರೆ ದುಡ್ಡು ಕೊಡಬೇಕು. ಮೆರಿಯಮ್ಸ್‌ಗೆ ಸರ್ಕಾರಿ ಕಾಡು (ನ್ಯಾಷನಲ್ ಫಾರೆಸ್ಟ್) ಬೇಕಾದಷ್ಟಿದೆ. ನಾನು ಹೋಗುವುದು ಸೌತ್ ಡಕೋಟಾದ ಬ್ಲ್ಯಾಕ್ ಹಿಲ್ಸ್‌ಗೆ. ತಮಾಷೆ ಅಂದರೆ ಅಲ್ಲಿ ಅವು ಮೂಲದ ಹಕ್ಕಿಗಳೇ ಅಲ್ಲ. 1940ರ ದಶಕದ ಕೊನೆಗೆ ದಕ್ಷಿಣದಿಂದ ತಂದು ಬಿಟ್ಟದ್ದು. ಬಾಲದ ತುದಿ ಬಿಳಿ, ಪಾಂಡೆರೋಸಾ ಪೈನ್ ಮರಗಳ ನಡುವೆ ದೂರದಿಂದಲೇ ಕಾಣುತ್ತದೆ. ಮಿಸ್ಸೌರಿಯ ಹಾಗೆ ಒಂದೇ ಕಡೆ ಕೂತರೆ ಇಲ್ಲಿ ನಡೆಯಲ್ಲ. ಗುಡ್ಡದ ಏಣು ಹತ್ತಿ, ಕಾಲ್ ಮಾಡಿ, ಕಿವಿಗೊಡಿ, ಉತ್ತರ ಇಲ್ಲದಿದ್ದರೆ ಮುಂದಿನ ಏಣು. ಏಪ್ರಿಲ್ ಕೊನೆಗೂ ಹಿಮ ಬೀಳಬಹುದು. ಒಳ್ಳೆ ಬೂಟ್ಸ್ ಇಲ್ಲದೆ ಬರಬೇಡಿ.

ಟ್ಯಾಂಪಾದಿಂದ:
ಓಸಿಯೋಲಾ ಕೊನೆಗೆ ಇಟ್ಟುಕೊಳ್ಳಿ. ಅದು ಇರುವುದು ಫ್ಲಾರಿಡಾದ ಪರ್ಯಾಯದ್ವೀಪದಲ್ಲಿ ಮಾತ್ರ. ಹೆಸರು ಅಲ್ಲಿನ ಮೂಲನಿವಾಸಿ ಸೆಮಿನೋಲ್ ಜನರ ನಾಯಕನದು. ರೆಕ್ಕೆಯ ಬಿಳಿ ಪಟ್ಟೆ ಸಣ್ಣ, ಹಕ್ಕಿ ಕಪ್ಪಗೆ ಕಾಣುತ್ತದೆ. ಸರ್ಕಾರಿ ಜಾಗಗಳಲ್ಲಿ ಒಳ್ಳೆಯವಕ್ಕೆಲ್ಲ ಲಾಟರಿ ಪರ್ಮಿಟ್. ಸ್ಟೇಟ್ ರೋಡ್ 70ರ ದಕ್ಷಿಣಕ್ಕೆ ಮಾರ್ಚ್ ಮೊದಲಲ್ಲೇ ಸೀಸನ್ ಶುರು. ಇಳಿದ ಮೇಲೆ ಹೆಚ್ಚು ಕೂಗಲ್ಲ, ಸದ್ದಿಲ್ಲದೆ ಬಂದು ನಿಂತಿರುತ್ತದೆ. ಕಾಲ್ ಮಾಡಿ ಉತ್ತರ ಬರದಿದ್ದರೂ ಒಂದು ಗಂಟೆ ಅಲುಗಾಡಬೇಡಿ. ನಾನು ಸೊಳ್ಳೆ ಹೊಡೆಯೋಕೆ ಕೈ ಎತ್ತಿ ಒಂದನ್ನು ಕಳೆದುಕೊಂಡೆ.

ಡೆಟ್ರಾಯ್ಟ್‌ನಿಂದ:
ಜಾತಿಯ ಮಾತು ಆಮೇಲೆ. ನಿಮ್ಮ ವೀಸಾ ಯಾವುದು? ಎಚ್-1ಬಿಯಂಥ ವೀಸಾದವರು ಕೋವಿ, ತೋಟಾ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ತಡೆಯುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯ್ತಿ ಇದೆ. ಲೈಸೆನ್ಸ್ ಅವಧಿ ಮುಗಿದ ದಿನ ವಿನಾಯ್ತಿಯೂ ಹೋಯಿತು. ರಾಜ್ಯದ ನಿಯಮ ಬೇರೆ ಇರಬಹುದು, ವಕೀಲರನ್ನು ಒಮ್ಮೆ ಕೇಳಿ. ಗ್ರೀನ್ ಕಾರ್ಡ್ ಇದ್ದರೆ ಈ ತೊಡಕಿಲ್ಲ.

ಇನ್ನು ಬಟ್ಟೆ. ಕೆಂಪು, ಬಿಳಿ, ನೀಲಿ ಒಂದು ಕರವಸ್ತ್ರವೂ ಬೇಡ. ಹುಂಜದ ತಲೆಯ ಬಣ್ಣ ಅವೇ, ಇನ್ನೊಬ್ಬ ಬೇಟೆಗಾರ ನಿಮ್ಮನ್ನೇ ಹಕ್ಕಿ ಅಂದುಕೊಳ್ಳುತ್ತಾನೆ. ಹೆಗಲಿಗಿಂತ ಅಗಲದ ಮರಕ್ಕೆ ಬೆನ್ನು ಕೊಟ್ಟು ಕೂರಿ. ಕೂಗು ಕೇಳಿದ ಕಡೆ ತೆವಳಿಕೊಂಡು ಹೋಗಬೇಡಿ, ಅದು ಮನುಷ್ಯನ ಕಾಲ್ ಆಗಿರಬಹುದು. ಯಾರಾದರೂ ಹತ್ತಿರ ಬಂದರೆ ಕೈ ಬೀಸದೆ ಜೋರಾಗಿ ಮಾತಾಡಿ. ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಹಕ್ಕಿಯ ತಲೆ-ಕುತ್ತಿಗೆಗೇ ಬೀಳಬೇಕು. ಕಾಗದದ ಮೇಲೆ 40 ಗಜದಿಂದ ಹೊಡೆದು ನೋಡದೆ ಕಾಡಿಗೆ ಹೋಗಬೇಡಿ.

ಸೇಂಟ್ ಲೂಯಿಸ್:
ಗ್ರೀನ್ ಕಾರ್ಡ್ ಇದೆ. ಕಾಫಿ ವಿಷಯ ನಿಜ, ಎಂಟಕ್ಕೇ ಏಳ್ತಿದ್ದೆ. ದುಡ್ಡಿನ ಲೆಕ್ಕದಲ್ಲಿ ಬ್ಲ್ಯಾಕ್ ಹಿಲ್ಸ್ ಅಂತ ತೀರ್ಮಾನ. ಒಂದು ಕೊನೆ ಪ್ರಶ್ನೆ: ಕಾಲಿನ ಮಾಂಸ ಬೇಯೋದೇ ಇಲ್ಲವಲ್ಲ?

ಟ್ಯಾಂಪಾದಿಂದ:
ಎದೆ ಮಾಂಸ ಬೇರೆ ಮಾಡಿ, ಪೆಪ್ಪರ್ ಹಾಕಿ ಬೇಗ ಹುರಿಯಿರಿ. ಕಾಲಿನಲ್ಲಿ ನಾರು ಜಾಸ್ತಿ, ಅದನ್ನು ಕುಕ್ಕರ್‌ಗೆ ಹಾಕಿ ಮುಕ್ಕಾಲು ಗಂಟೆ ಬಿಡಿ. ಆಮೇಲೆ ನಿಮ್ಮೂರಿನ ಕೋಳಿಸಾರಿನ ಮಸಾಲೆ, ಜೊತೆಗೆ ಕಡುಬು. ತಿನ್ನುವಾಗ ಚರೆ ನೋಡಿಕೊಳ್ಳಿ, ನನ್ನ ಒಂದು ಹಲ್ಲು ಹೋಗಿದೆ.