ಕಂಬ ಹತ್ತುವವನಿಗೆ ಗುಂಡು ಎಸೆತ ಯಾಕೆ?

(ನಮ್ಮ ಮನೆ ಗುಂಪು. ನಾನು ಹಾಕಿದ ವಿಡಿಯೊ: ಪವರ್‌ಮ್ಯಾನ್, ಅಂದರೆ ಕರೆಂಟ್ ಲೈನ್ ಕೆಲಸದವರ, ನೇಮಕಾತಿಯಲ್ಲಿ ಒಬ್ಬ ಹುಡುಗ ಕಂಬ ಹತ್ತುತ್ತಿದ್ದಾನೆ.)

ನಾನು: ಎಲ್ಲರೂ ನೋಡಿ. 8 ಮೀಟರ್ ಕಂಬ, ಇದು ಕಡ್ಡಾಯ. ಇನ್ನು ನಾಲ್ಕರಲ್ಲಿ ಎರಡು ಪಾಸಾಗಬೇಕು. 100 ಮೀಟರ್ 14 ಸೆಕೆಂಡು, 800 ಮೀಟರ್ 3 ನಿಮಿಷ, ಒಂದು ನಿಮಿಷ ಸ್ಕಿಪ್ಪಿಂಗ್, 12 ಪೌಂಡ್ ಗುಂಡು 8 ಮೀಟರ್ ಎಸೆಯುವುದು.

ಚಿಕ್ಕಪ್ಪ: ಐದೂ ಕಡ್ಡಾಯ ಮಾಡಬೇಕಿತ್ತು ಕಣೋ. ಮೈಯಲ್ಲಿ ಕಸುವು ಇದ್ದವನು ಯಾವ ಕೆಲಸವನ್ನಾದರೂ ಮಾಡುತ್ತಾನೆ.

ಅಕ್ಕ: ಚಿಕ್ಕಪ್ಪ, ಕಸುವು ಒಂದೇ ಥರ ಇರುವುದಿಲ್ಲ. ಗುಂಡು ಎಸೆಯುವ ಭುಜ ಬೇರೆ, ಕಂಬ ಅಪ್ಪಿ ಹಿಡಿಯುವ ಕೈ ಬೇರೆ, 800 ಮೀಟರ್ ಓಡುವ ಉಸಿರು ಬೇರೆ. ಕಂಬ ಹತ್ತಿಸುವುದು ಸರಿ, ಅದು ಕೆಲಸದ್ದೇ ತುಣುಕು. ಗುಂಡು ಯಾಕೆ?

ಚಿಕ್ಕಪ್ಪ: ಪೊಲೀಸು, ಮಿಲಿಟರಿ ಎಲ್ಲ ಕಡೆ ಓಡಿಸುತ್ತಾರಲ್ಲ. ಅವರೆಲ್ಲ ದಡ್ಡರಾ?

ಅಕ್ಕ: ಓಡುವ ಕೆಲಸಕ್ಕೆ ಓಡಿಸಲಿ. ಕೆನಡಾದಲ್ಲಿ ಟಾನಿ ಮಿಯೋರಿನ್ ಅಂತ ಒಬ್ಬರು ಮೂರು ವರ್ಷ ಕಾಡಿನ ಬೆಂಕಿ ಆರಿಸುವ ಕೆಲಸ ಚೆನ್ನಾಗಿಯೇ ಮಾಡಿದ್ದರು. ಆಮೇಲೆ ಹೊಸ ಪರೀಕ್ಷೆ ಬಂತು, 2.5 ಕಿಲೋಮೀಟರ್ 11 ನಿಮಿಷದಲ್ಲಿ ಓಡಬೇಕು ಅಂತ. 49 ಸೆಕೆಂಡು ಜಾಸ್ತಿ ಆಯಿತು, ಕೆಲಸ ಹೋಯಿತು. ಆ ವೇಗ ಇಲ್ಲದಿದ್ದರೆ ಬೆಂಕಿ ಆರಿಸಲು ಆಗುವುದಿಲ್ಲ ಅಂತ ಸರ್ಕಾರ ತೋರಿಸಿಲ್ಲ ಎಂದು 1999ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು.

ದೊಡ್ಡಪ್ಪ: ಮಗಳೇ, ಉಸಿರು ಬೇಡ ಅನ್ನಬೇಡ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಏಣಿ, ಹಗ್ಗ ಹೊತ್ತುಕೊಂಡು ಗದ್ದೆ ಬದುವಿನ ಮೇಲೆ ನಡೆಯಬೇಕು. ಇನ್ನು ಕಂಬ. ಹತ್ತುವುದು ಒಂದೆರಡು ನಿಮಿಷ ಅಷ್ಟೇ. ಮೇಲೆ ಬೆಲ್ಟಿಗೆ ಒರಗಿ, ತಲೆಗಿಂತ ಎತ್ತರಕ್ಕೆ ಕೈ ಎತ್ತಿ ಇನ್ಸುಲೇಟರ್ ಬದಲಿಸುವುದಕ್ಕೆ ಅರ್ಧ ಗಂಟೆ. ಮೊದಲು ಸೋಲುವುದು ಮುಂಗೈ. ಬೆರಳು ಮಡಚುವುದೇ ಇಲ್ಲ. ಒಂದು ಸಲ ನನ್ನ ಕೈಯಿಂದ ಸ್ಪ್ಯಾನರ್ ಜಾರಿ, ಕೆಳಗೆ ನಿಂತಿದ್ದವನ ಕಾಲ ಹತ್ತಿರ ಬಿತ್ತು. ಅವನೂ ನಾನೂ ಆ ದಿನ ಊಟ ಮಾಡಲಿಲ್ಲ.

ಅಕ್ಕ: ನೋಡಿ, ಅದನ್ನು ಈ ಐದರಲ್ಲಿ ಯಾವುದೂ ಅಳೆಯುವುದಿಲ್ಲ! ಮೇಲೆ ಹತ್ತಿಸಿ ನಾಲ್ಕು ಬೋಲ್ಟ್ ಬಿಚ್ಚಿಸಿ, ಮತ್ತೆ ಬಿಗಿ ಮಾಡಿಸಲಿ.

ಚಿಕ್ಕಪ್ಪ: ಸಾವಿರಾರು ಜನ ಬರುತ್ತಾರಮ್ಮ. ಅಷ್ಟು ಹೊತ್ತು ಯಾರು ನಿಲ್ಲುತ್ತಾರೆ? ಓಟಕ್ಕೆ ಒಂದು ಸೀಟಿ, ಒಂದು ಗಡಿಯಾರ ಸಾಕು.

ಅಕ್ಕ: ಹಾಗಾದರೆ ಪರೀಕ್ಷೆ ಮಾಡುವವರ ಅನುಕೂಲಕ್ಕೆ ಅನ್ನಿ, ಕಸುವಿನ ಹೆಸರು ಹೇಳಬೇಡಿ. ಗುಂಡಿನ ಬದಲು ಬೋಲ್ಟ್ ಇಡಲಿ. ಹತ್ತು ನಿಮಿಷ ಸಾಕು.

ದೊಡ್ಡಪ್ಪ: ಅಕ್ಕ ಹೇಳುವುದು ನನಗೆ ಸರಿ ಕಾಣುತ್ತದೆ. ಪುಟ್ಟ, ಭಾನುವಾರ ಬೆಳಿಗ್ಗೆ ಬಾ. ಹಿತ್ತಲಿನ ಮಾವಿನ ಮರಕ್ಕೆ ಹಲಗೆ ಕಟ್ಟಿ ಬೋಲ್ಟ್ ಹಾಕಿಡುತ್ತೇನೆ. ನೆಲದ ಮೇಲೆ ನಿಂತೇ, ತಲೆ ಮೇಲೆ ಕೈ ಎತ್ತಿ ಹತ್ತು ನಿಮಿಷ ಬಿಗಿ ಮಾಡು.

ನಾನು: ಬರುತ್ತೇನೆ ದೊಡ್ಡಪ್ಪ. ಸ್ಪ್ಯಾನರ್ ತರಬೇಕಾ?

ದೊಡ್ಡಪ್ಪ: ಬೇಡ. ನನ್ನದೇ ಇದೆ.