ಮೂಗಿನ ಅಲರ್ಜಿಯಿಂದ ಮನಸ್ಸೇ ಕುಗ್ಗಿದೆ, ನಿಮ್ಮ ಅನುಭವ ಹೇಳಿ

ಡೊಂಬಿವಲಿ ಅಮ್ಮ:
ಬೆಳಿಗ್ಗೆ ಎದ್ದರೆ ಸೀನು, ರಾತ್ರಿ ಮೂಗು ಕಟ್ಟಿ ನಿದ್ದೆಯಿಲ್ಲ. ಲೋಕಲ್‌ನಲ್ಲಿ ನಿಂತಲ್ಲೇ ತೂಕಡಿಕೆ. ಮಕ್ಕಳ ಮೇಲೆ ಸುಮ್ನೆ ರೇಗುತ್ತೇನೆ, ಯಾವುದರಲ್ಲೂ ಮನಸ್ಸಿಲ್ಲ. "ನೆಗಡಿಗೆ ಇಷ್ಟೊಂದಾ" ಅನ್ನುತ್ತಾರೆ ಮನೆಯವರು. ಅಲರ್ಜಿ ಇಂಜೆಕ್ಷನ್ ಕೋರ್ಸ್ ಹೇಳಿದ್ದಾರೆ. ಮಾಡಿಸಿಕೊಂಡವರು ಇದ್ದೀರಾ?

ಕೋಥ್ರೂಡ್ ರಾವ್:
ಇದ್ದೇನೆ. ಕಣ್ಣು ಮುಚ್ಚಿ ಶುರು ಮಾಡಿ. ಯಾವುದಕ್ಕೆ ಅಲರ್ಜಿ ಅಂತ ನೋಡುವ ಚರ್ಮದ ಟೆಸ್ಟಿಗೆ 6,500. ಅದಕ್ಕೆ ಮುಂಚೆ ಸೀನಿನ ಮಾತ್ರೆ ಸಿಟ್ರಿಜಿನ್ ನಿಲ್ಲಿಸಬೇಕಲ್ಲ, ಆ ದಿನಗಳಲ್ಲಿ ಕರ್ಚೀಫು ಹಿಂಡುವ ಹಾಗಿತ್ತು. ಡಸ್ಟ್ ಮೈಟ್ ಅನ್ನುವ ಧೂಳಿನ ಹುಳಕ್ಕೂ ಕಾಂಗ್ರೆಸ್ ಹುಲ್ಲಿಗೂ ಮುಂಗೈ ಮೇಲೆ ದದ್ದು ಎದ್ದಿತು. ಇಂಜೆಕ್ಷನ್ ಔಷಧದ ಸೀಸೆ ಒಂದು ಸೆಟ್‌ಗೆ 4,200, ರಿಕ್ಷಾ ಬೇರೆ, ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ, ಹಾಗಾಗಿ ಅರ್ಧ ದಿನದ ರಜೆ ಹೋಯಿತು ಅಂತಲೇ ಲೆಕ್ಕ. ಮೂರರಿಂದ ಐದು ವರ್ಷ ಬಿಡದೆ ಹೋಗಬೇಕು. ನಾನು ಹೋದೆ. ಈಗ ರಾತ್ರಿ ಮಲಗಿದರೆ ಬೆಳಿಗ್ಗೆಯೇ ಏಳುವುದು. ನಿಮ್ಮ ಸಿಡುಕು ಹೋಯಿತು ಅಂತ ಹೆಂಡತಿಯೇ ಹೇಳುತ್ತಾಳೆ.

ಥಾಣೆ ಗೀತಾ:
ರಾವ್ ಅವರೇ, ಎಲ್ಲರಿಗೂ ಅಷ್ಟು ರಜೆ ಎಲ್ಲಿಂದ ಬರಬೇಕು? ನನಗೆ ಮಾಂಟೆಲುಕಾಸ್ಟ್ ಅನ್ನುವ ಅಲರ್ಜಿ ಮಾತ್ರೆ ಬರೆದುಕೊಟ್ಟರು. ಸೀನು ಕಡಿಮೆಯಾಯಿತು. ಆದರೆ ರಾತ್ರಿಯೆಲ್ಲ ಕೆಟ್ಟ ಕನಸು, ಕುಕ್ಕರ್ ಇಡುವಾಗಲೂ ಕಾರಣವಿಲ್ಲದೆ ಅಳು. ಕೌನ್ಸೆಲರ್‌ಗೆ ಒಂದು ಸಲಕ್ಕೆ 1,500. ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಅಂತ ಕೇಳಿದ್ದು ಅವರೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲೇ ಈ ಮಾತ್ರೆ ಮನಸ್ಸಿಗೆ ತೊಂದರೆ ಮಾಡಬಹುದು ಅಂತ ಗಂಭೀರ ಎಚ್ಚರಿಕೆ ಹಾಕಿದೆ, ಮೂಗಿನ ಅಲರ್ಜಿಗೆ ಬೇರೆ ಔಷಧ ಆಗದಿದ್ದರೆ ಮಾತ್ರ ಕೊಡಿ ಅಂದಿದೆ. ಡಾಕ್ಟರ್‌ಗೆ ಹೇಳಿ ನಿಲ್ಲಿಸಿದ ಮೇಲೆ ಅಳು ನಿಂತಿತು. ಮೊದಲೇ ಯಾರೂ ಹೇಳಲಿಲ್ಲವಲ್ಲ, ಆ ಸಿಟ್ಟು ಇನ್ನೂ ಇದೆ.

ಕೋಥ್ರೂಡ್ ರಾವ್:
ಹೆದರಿಸಬೇಡಿ ಮೇಡಂ. ನನ್ನ ಮಗ ಅದೇ ಮಾತ್ರೆಯಲ್ಲಿ ಆರಾಮಾಗಿದ್ದಾನೆ.

ಥಾಣೆ ಗೀತಾ:
ನಿಮ್ಮ ಮಗನಿಗೆ ಆಗಲಿಲ್ಲ ಅಂದರೆ ನನಗೆ ಆದದ್ದು ಸುಳ್ಳಾ?

ಮಡಗಾಂವ್ ಕಾಮತ್:
ಇಬ್ಬರೂ ಸ್ವಲ್ಪ ತಡೆಯಿರಿ. ನಾನು ಮೂಗಿನ ಮೂಳೆ ಆಪರೇಷನ್‌ಗೆ 1,15,000 ಸುರಿದೆ. ವಿಮೆಯವರು ಗ್ಲೌಸು, ಹತ್ತಿ ಎಲ್ಲ ಕಳೆದು 78,000 ಕೊಟ್ಟರು. ಉಸಿರು ಸಲೀಸು, ಸೀನು ಮಾತ್ರ ಹಾಗೇ. ಮೂಳೆ ನೆಟ್ಟಗಾದರೆ ಅಲರ್ಜಿ ಹೋಗುವುದಿಲ್ಲ ಅಂತ ಆಪರೇಷನ್ ಆದ ಮೇಲೆ ಹೇಳುತ್ತಾರೆ! ಇಲ್ಲಿ ಮಳೆಗಾಲದಲ್ಲಿ ಕಪಾಟಿನ ಬಟ್ಟೆಗೂ ಬೂಷ್ಟು. ಜೂನ್ ಹತ್ತಿರ ಬಂದರೆ ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತದೆ. ರಾವ್ ಅವರಂಥ ಪುಣೆಯವರಿಗೆ ಒಣ ಹವೆ, ಅವರಿಗೇನು.

ಕೋಥ್ರೂಡ್ ರಾವ್:
ನಮಗೇನಾ? ಕಾಂಗ್ರೆಸ್ ಹುಲ್ಲು ದೇಶದಲ್ಲಿ ಕಳೆಯಾಗಿ ಮೊದಲು ಗುರುತಾದದ್ದೇ ಪುಣೆಯಲ್ಲಿ, 1955ರಲ್ಲಿ. ನಮ್ಮ ಸೊಸೈಟಿ ಹಿಂದಿನ ಖಾಲಿ ಸೈಟ್ ತುಂಬ ಅದೇ. ಕೀಳಿಸಿ ಅಂತ ಅರ್ಜಿ ಬರೆದು ಬರೆದು ಸಾಕಾಗಿದೆ.

ಥಾಣೆ ಗೀತಾ:
ಹುಲ್ಲಿನ ಜಗಳ ಆಮೇಲೆ. ಡೊಂಬಿವಲಿ ಅಕ್ಕ, ನೀವು ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ? ಅದನ್ನು ಮೊದಲು ಬರೆಯಿರಿ.