ಸಾಲಗಡಿ: ಇದು ಯಾವ ‘ಸಾಲ’?

ಎಲ್ಲರಿಗೂ ಶರಣು. ಒಂದು ಪದದ ಅರ್ಥ ಕೇಳಬೇಕಿತ್ತು. ‘ಸಾಲಗಡಿ’. ನೋಡಲು ಸಣ್ಣ ಪದ, ಆದರೆ ನಮ್ಮ ಮನೆಯಲ್ಲಿ ಇದರ ಮೇಲೆ ಜಗಳವೇ ನಡೆದಿದೆ.

ನಮ್ಮದು ಬೀದರ ಜಿಲ್ಲೆ, ಭಾಲ್ಕಿ ಕಡೆಯ ಹಳ್ಳಿ. ನನ್ನ ಮುತ್ಯಾನ ಮುತ್ಯಾ ಊರಿನ ವಾಡೆಯಲ್ಲಿ, ಅಂದರೆ ದೊಡ್ಡ ಮನೆಯಲ್ಲಿ, ದುಡಿಯುತ್ತಿದ್ದ. ಅವನ ಬಗ್ಗೆ ನಮ್ಮಲ್ಲಿ ಉಳಿದಿದ್ದು ಒಂದೇ ಮಾತು. ಆಯಿ ಹೇಳುತ್ತಿದ್ದಳು: ‘ಅಂವಾ ವಾಡೇದಾಗ ಸಾಲಕ್ಕಿದ್ದ.’ ಸಾಲ ತೀರಿಸಲಾಗದೆ ಜೀತಕ್ಕಿದ್ದ ಅಂತಲೇ ನಾವೆಲ್ಲ ತಿಳಿದು ಬೆಳೆದೆವು. ಆ ಮಾತು ಬಂದರೆ ಅಪ್ಪ ಸುಮ್ನೆ ಎದ್ದು ಹೊರಗೆ ಹೋಗುತ್ತಿದ್ದರು.

ಹೋದ ವರ್ಷ ಆ ವಾಡೆ ಕೆಡವಿದರು. ಅಟ್ಟದಿಂದ ಒಂದು ರುಮಾಲು ಇಳಿಯಿತು. ರುಮಾಲು ಅಂದರೆ ತಲೆಗೆ ಸುತ್ತುವುದಲ್ಲ, ಬಟ್ಟೆಯಲ್ಲಿ ಕಟ್ಟಿಟ್ಟ ಕಾಗದದ ಗಂಟು. ಫೋಟೊ ತೆಗೆದುಕೊಳ್ಳಲು ಬಿಟ್ಟರು, ಅದು ಅವರ ದೊಡ್ಡತನ. ಬರಹವೆಲ್ಲ ಮೋಡಿ ಲಿಪಿ, ಮರಾಠಿ ಭಾಷೆ. ನಿಜಾಮರ ಮೇಲಿನ ಕಚೇರಿಗಳಲ್ಲಿ ಆಗ ಫಾರ್ಸಿ ನಡೆಯುತ್ತಿತ್ತು. ಊರಿನ ಲೆಕ್ಕ ಮಾತ್ರ ಕುಲಕರ್ಣಿಯ ಕೈಯಲ್ಲಿ, ಹೀಗೆ. ಮೊದಲು ಹಾಳೆಯ ಆ ತುದಿಯಿಂದ ಈ ತುದಿಗೆ ಒಂದು ಗೆರೆ ಎಳೆದು, ಆಮೇಲೆ ಅದಕ್ಕೆ ಅಕ್ಷರ ಜೋತುಬಿಟ್ಟಿದ್ದಾನೆ. ಟಾಕು ಎತ್ತಿದ್ದೇ ಕಡಿಮೆ. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಮೋಡಿ ಬಲ್ಲ ನಿವೃತ್ತ ಮಾಸ್ತರರೊಬ್ಬರು ಎರಡು ಭಾನುವಾರ ಕೂತು ಓದಿಕೊಟ್ಟರು.

ಫಸಲಿ (ಆಗಿನ ಕಂದಾಯದ ವರ್ಷ) 1283, 1284, 1285ರ ಮೂರೂ ಹಾಳೆಗಳಲ್ಲಿ ಅವನ ಹೆಸರಿದೆ. ಬರೀ ಹೆಸರು, ಅಪ್ಪನ ಹೆಸರಿಲ್ಲ. ಮುಂದೆ ‘ಸಾಲಗಡಿ’. ಅದರ ಕೆಳಗೆ ಜೋಳ, ಒಂದು ಕಂಬಳಿ, ಒಂದು ಜೊತೆ ಕೆರ. ‘ಪಾಡವಾದಿಂದ ಪಾಡವಾತನಕ’ ಅಂತ ಕೊನೆಯಲ್ಲಿ.

ನಮ್ಮ ಕಾಕಾನ ಮಗ ಕೇಳಿದ ಕೂಡಲೇ ಹೇಳಿದ: ಗಡಿ ಅಂದರೆ ಗಡುವು, ಸಾಲಗಡಿ ಅಂದರೆ ಸಾಲದ ವಾಯಿದೆ. ಅವನು ಬ್ಯಾಂಕಿನಲ್ಲಿದ್ದಾನೆ, ಹಾಗೆ ತೋಚುವುದು ಸಹಜ. ಅಕ್ಕ ‘ಹೊಲದ ಸಾಲು ಕಾಯೋನು ಇರಬೇಕು’ ಅಂದಳು. ನನಗೆ ಎರಡೂ ಒಪ್ಪಿಗೆಯಿಲ್ಲ.

ಮರಾಠಿಯಲ್ಲಿ ಗಡೀ ಅಂದರೆ ಆಳು. ಮೋಡಿಯಲ್ಲಿ ಇಕಾರಕ್ಕೆ ಹ್ರಸ್ವ ದೀರ್ಘ ಬೇರೆ ಇಲ್ಲ, ಹಾಗಾಗಿ ನಮ್ಮ ಕಣ್ಣಿಗೆ ಅದು ‘ಗಡಿ’ ಆಯಿತು. ಇನ್ನು ಸಾಲ್ ಅಂದರೆ ವರ್ಷ, ಫಾರ್ಸಿಯಿಂದ ಬಂದದ್ದು. ‘ಪ್ರಸಕ್ತ ಸಾಲಿನ ಬಜೆಟ್’ ಅನ್ನುತ್ತೇವಲ್ಲ, ಅದೇ ಸಾಲು. ಸಾಲಿಯಾನಾ ಕೂಡ ಅದೇ. (ನಮ್ಮ ಕಡೆ ‘ಸಾಲಿಗೆ ಹೋದ’ ಅಂದರೆ ಶಾಲೆಗೆ ಹೋದ. ಅದನ್ನು ಇಲ್ಲಿ ತರುವುದು ಬೇಡ, ಇರುವ ಗೊಂದಲವೇ ಜಾಸ್ತಿ.) ಅಂದರೆ ಸಾಲಗಡಿ ವರ್ಷಕ್ಕೆ ಇಟ್ಟುಕೊಂಡ ಆಳು. ಯುಗಾದಿಗೆ ಆಳು ಹಿಡಿಯುವುದು, ಮುಂದಿನ ಯುಗಾದಿಗೆ ಬಿಡುವುದು ನಮ್ಮ ಕಡೆಯ ರೂಢಿಯೇ. ಪಾಡವಾ ಅಂದರೆ ಯುಗಾದಿ ಪಾಡ್ಯ ತಾನೆ?

ಇನ್ನೊಂದು ಮಾತು. ಋಣ ಅನ್ನುವ ಅರ್ಥದ ಸಾಲ ಕನ್ನಡದ್ದು. ಮರಾಠಿ ಬರೆಯುವವನು ಅದಕ್ಕೆ ‘ಕರ್ಜ’ ಅನ್ನುತ್ತಾನೆ. ಅದೇ ಹಾಳೆಯಲ್ಲಿ ಎರಡು ಸಾಲು ಕೆಳಗೆ ಬೇರೊಬ್ಬನ ಹೆಸರಿನ ಮುಂದೆ ‘ಕರ್ಜ’ ಅಂತ ಬಿಡಿಸಿ ಬರೆದಿದೆ. ನಮ್ಮವನ ಮುಂದೆ ಇಲ್ಲ. ಹಾಗಿದ್ದರೆ ಆಯಿ ಹೇಳಿದ ‘ಸಾಲಕ್ಕಿದ್ದ’ ಅಂದರೆ ‘ವರ್ಷಕ್ಕಿದ್ದ’ ಅಂತಲೇ ಇರಬೇಕು. ಮರಾಠಿ ಸಾಲ್ ಬಾಯಿಂದ ಬಾಯಿಗೆ ಬರುತ್ತಾ ಕನ್ನಡದ ಸಾಲ ಆಗಿಬಿಟ್ಟಿದೆ, ನಾವು ಮೂರು ತಲೆಮಾರು ಅವನನ್ನು ಸಾಲಗಾರ ಅಂದುಕೊಂಡು ಕೂತೆವು. ‘ಜೀತ’ದ ಕಥೆಯೂ ಇಂಥದೇ ಅಲ್ವಾ? ತೆಲುಗಿನಲ್ಲಿ ಜೀತಂ ಅಂದರೆ ಇವತ್ತಿಗೂ ಸಂಬಳ. ನಮಗೆ ಜೀತ ಅಂದರೆ ಸಂಬಳವಿಲ್ಲದ ದುಡಿತ. ಗಡಿ ದಾಟಿ ತೆಲಂಗಾಣದ ಜಹೀರಾಬಾದಿಗೆ ಹೋದರೆ ಅರ್ಥವೇ ತಿರುಗುತ್ತದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಅಪ್ಪ ಇದ್ದಿದ್ದರೆ ಅವರಿಗೆ ಹೇಳಿ ಖುಷಿಪಡುತ್ತಿದ್ದೆ, ಅಷ್ಟೇ.

ಫಸಲಿ 1286ರ ಹಾಳೆಯಲ್ಲಿ ಅವನ ಹೆಸರಿಲ್ಲ. ಹೈದರಾಬಾದ್ ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ. ಇದು ಯುಗಾದಿಯ ಲೆಕ್ಕ, ಆ ಹೊತ್ತಿಗೆ ಹೊಸ ಇಸವಿ ಬಂದಿರುತ್ತದೆ, ಆದ್ದರಿಂದ ಇನ್ನೊಂದು ಕೂಡಿಸಬೇಕು. ಅಂದರೆ 1877ರ ಯುಗಾದಿ. ಧಾತು ಸಂವತ್ಸರ ಮುಗಿದು ಈಶ್ವರ ಹಿಡಿದ ದಿನ. ಹಿಂದಿನ ಮಳೆಗಾಲ ಕೈಕೊಟ್ಟು ಧಾತು ಬರ ಬಿದ್ದಿತ್ತು. ಆ ಹಾಳೆಯಲ್ಲಿ ಅವನೊಬ್ಬನೇ ಅಲ್ಲ, ಆಳುಗಳ ಹೆಸರೇ ಅರ್ಧಕ್ಕೆ ಇಳಿದಿವೆ. ಜೋಳದ ಕಲಮು ಖಾಲಿ.

1287ರಲ್ಲಿ ಅವನ ಹೆಸರು ಮತ್ತೆ ಬರುತ್ತದೆ. ಆದರೆ ‘ಸಾಲಗಡಿ’ ಆದಮೇಲೆ ಹೊಸದಾಗಿ ಎರಡು ಪದ: ‘ಬದಲ ಮುಲಗಾ’. ಮುಲಗಾ ಅಂದರೆ ಮಗ. ಕಂಬಳಿ ಇಲ್ಲ, ಕೆರ ಇಲ್ಲ. ಜೋಳ ಮೊದಲಿನ ಅರ್ಧ. ಪಕ್ಕದಲ್ಲಿ ‘ಉಚಲ’ ಅಂತ ಒಂದು ರಕಮು, ಅಂದರೆ ಮುಂಗಡ. ‘ಪಾಡವಾತನಕ’ ಅನ್ನುವ ಮಾತು ಈ ಸಲ ಇಲ್ಲ.

ನನಗೆ ತೊಡಕಾಗಿರುವುದು ಈ ‘ಬದಲ’. ಅಪ್ಪನ ಮೈಯಲ್ಲಿ ಕಸುವಿಲ್ಲ ಅಂತ ಅವನ ಜಾಗದಲ್ಲಿ ಮಗ ದುಡಿಯಲು ಬಂದನೋ? ಅಥವಾ ಮುಂಗಡಕ್ಕೆ ಪ್ರತಿಯಾಗಿ ಮಗನನ್ನು ಬಿಟ್ಟು ಹೋದನೋ? ಮೊದಲಿನದಾದರೆ ಹುಡುಗ ವರ್ಷದ ಆಳು. ಎರಡನೆಯದಾದರೆ ಆಯಿ ಹೇಳಿದ ಸಾಲ ಕನ್ನಡದ್ದೇ, ಆದರೆ ಅಪ್ಪನಿಗಲ್ಲ, ಮಗನಿಗೆ ಸೇರಿದ್ದು. ಮಾಸ್ತರರು ‘ಎರಡಕ್ಕೂ ಜಗ್ಗತದ’ ಅಂದು ಕನ್ನಡಕ ತೆಗೆದಿಟ್ಟರು.

ಹಾಗಾಗಿ ಕೇಳುವುದು ಇಷ್ಟು. ಔರಾದ, ಬಸವಕಲ್ಯಾಣ, ಆಳಂದ ಕಡೆಯವರು ಯಾರಾದರೂ ಇದ್ದರೆ, ನಿಮ್ಮ ಹಿರಿಯರ ಬಾಯಲ್ಲಿ ‘ಸಾಲಕ್ಕಿರೋದು’, ‘ಸಾಲಗಡಿ’ ಇದೆಯಾ? ಇದ್ದರೆ ಯಾವ ಅರ್ಥದಲ್ಲಿ? ಹಳೆಯ ಲೆಕ್ಕದ ಪುಸ್ತಕ (ಕಿರ್ದಿ, ಖತಾವಣಿ) ನೋಡಿದವರು ‘ಬದಲ’ ಯಾವುದರ ಪಕ್ಕ ಬರುತ್ತದೆ ಹೇಳಿ, ಆಳಿನ ಹೆಸರಿನ ಪಕ್ಕವೋ ರಕಮಿನ ಪಕ್ಕವೋ. ನಮ್ಮ ಹಾಳೆಯಲ್ಲಿ ಸರಿಯಾಗಿ ಆ ಜಾಗಕ್ಕೇ ಗೆದ್ದಲು ಹಿಡಿದಿದೆ.